‘ಹಂಪ್’ ಹಾದಿಯಲ್ಲಿ ಬಿದ್ದ ಸಾಗಣೆ ವಿಮಾನಗಳು: ಅವನ್ನೆಲ್ಲ ಅಪಘಾತವೆಂದು ಕರೆಯಬಹುದೇ?

ಪ್ರಶ್ನೆ
ಕೇಳಿದವರು: ಫಿಟ್ಟರ್ ಮೊಮ್ಮಗ

ಎಲ್ಲರಿಗೂ ನಮಸ್ಕಾರ.

ನನ್ನ ತಾಯಿಯ ತಂದೆ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. 1943ರಲ್ಲಿ ಆ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆಗೆ ವಹಿಸಿಕೊಟ್ಟ ಮೇಲೆ ಅಲ್ಲಿಗೆ ರಿಪೇರಿಗೆಂದು ಬರುತ್ತಿದ್ದ ಡಕೋಟಾ ಸಾಗಣೆ ವಿಮಾನಗಳ ವಿಷಯವನ್ನು ಅವರು ಮನೆಯಲ್ಲಿ ಆಗಾಗ ಹೇಳುತ್ತಿದ್ದರು. ಯುದ್ಧಕ್ಕೆ ಹೋಗಿ ಬಂದ ವಿಮಾನವೆಂದರೆ ಮೈತುಂಬ ಗುಂಡಿನ ತೂತುಗಳಿರುತ್ತವೆಂದು ಭಾವಿಸಿದ್ದ ನಾನು ಚಿಕ್ಕವನಿದ್ದಾಗ ಅವರನ್ನು ಅದೇ ಮಾತು ಕೇಳಿದ್ದೆ. ತಾವು ಕೈಯಿಟ್ಟ ವಿಮಾನಗಳಲ್ಲಿ ಗುಂಡು ತಗುಲಿದ್ದವು ಬೆರಳೆಣಿಕೆಯಷ್ಟು, ಉಳಿದವೆಲ್ಲ ದುಡಿದು ದಣಿದು ಬಂದವು ಎಂದು ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ.

ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಅಸ್ಸಾಮಿನಿಂದ ಹಿಮಾಲಯದ ಪೂರ್ವದ ತುದಿಯನ್ನು ದಾಟಿ ಚೀನಾದ ಕುನ್ಮಿಂಗ್‌ಗೆ ಸರಕು ಸಾಗಿಸಿದ ‘ಹಂಪ್’ ಹಾದಿಯ ಬಗ್ಗೆ ಈಚೆಗೆ ಓದತೊಡಗಿದ್ದೇನೆ. ಒಂಟೆಯ ಬೆನ್ನಿನ ಡುಬ್ಬದಂತೆ ಎದ್ದು ನಿಂತ ಪರ್ವತಸಾಲಿನಿಂದಾಗಿ ಪೈಲಟ್‌ಗಳು ಆ ಹಾದಿಗೆ ಈ ಹೆಸರಿಟ್ಟರಂತೆ. 1942ರಿಂದ 1945ರವರೆಗೆ ಸುಮಾರು ಆರೂವರೆ ಲಕ್ಷ ಟನ್ ಸರಕು ಆ ಮಾರ್ಗವಾಗಿ ಹೋಯಿತು. ಅದಕ್ಕಾಗಿ ಕಳೆದುಕೊಂಡ ವಿಮಾನಗಳು ಸುಮಾರು 590. ಇವು ಬಾಂಬ್ ಹಾಕಲು ಹೋದ ವಿಮಾನಗಳಲ್ಲ. ಪೆಟ್ರೋಲ್ ಪೀಪಾಯಿ, ಮದ್ದುಗುಂಡು, ಜೀಪಿನ ಬಿಡಿಭಾಗ, ಔಷಧಿ ಹೊತ್ತು ಹೋದವು.

ನನ್ನ ಪ್ರಶ್ನೆ ಎರಡು ಭಾಗದ್ದು. ಶತ್ರುವಿನ ಗುಂಡಿಗೆ ಬಿದ್ದವು ಅಷ್ಟು ಕಡಿಮೆಯಾಗಿದ್ದರೆ ಉಳಿದವು ಬಿದ್ದದ್ದು ಏಕೆ? ಹಾಗೆ ಬಿದ್ದವುಗಳನ್ನು ದಾಖಲೆಗಳಲ್ಲಿ ಬರೆದಿರುವಂತೆ ‘ಅಪಘಾತ’ ಎಂದು ಒಂದೇ ಪದದಲ್ಲಿ ಹೇಳಿ ಮುಗಿಸುವುದು ಸರಿಯೇ? ತಾತನ ಕೈಯಿಂದ ಹೊರಟ ಯಾವುದೋ ಒಂದು ಎಂಜಿನ್ ಆ ಬೆಟ್ಟಗಳ ಮೇಲೆ ಕೈಕೊಟ್ಟಿರಬಹುದೇ ಎಂಬ ಯೋಚನೆ ನನ್ನನ್ನು ಬಿಡುತ್ತಿಲ್ಲ; ಆದ್ದರಿಂದ ಸಮಾಧಾನದ ಮಾತಿಗಿಂತ ನಿಜವಾದ ಉತ್ತರವನ್ನೇ ಬೇಡುತ್ತೇನೆ.

ಉತ್ತರ 1
ಬರೆದವರು: ಈಶಾನ್ಯದ ಮೋಡ

ನಿಮ್ಮ ತಾತ ಕಂಡದ್ದು ಸರಿಯಾಗಿಯೇ ಇದೆ. ಮೊದಲು ಆ ಹಾದಿ ಹೇಗಿತ್ತೆಂಬುದನ್ನು ಕಣ್ಣಮುಂದೆ ತಂದುಕೊಳ್ಳಬೇಕು.

1942ರ ಏಪ್ರಿಲ್ ಕೊನೆಯಲ್ಲಿ ಜಪಾನೀಯರು ಲಾಶಿಯೋ ಪಟ್ಟಣವನ್ನು ಹಿಡಿದಾಗ ಬರ್ಮಾ ರಸ್ತೆ ಕಡಿದುಹೋಯಿತು, ಚೀನಾದ ಸೈನ್ಯಕ್ಕೆ ಭೂಮಾರ್ಗದಿಂದ ಏನನ್ನೂ ಕಳಿಸಲಾಗದ ಸ್ಥಿತಿ ಬಂತು. ಉಳಿದದ್ದು ಆಕಾಶವೊಂದೇ. ಅಸ್ಸಾಮಿನ ಚಬುವಾ, ದಿನ್ಜಾನ್, ಮೋಹನಬಾರಿ, ಸೂಕೆರಟಿಂಗ್ ಮೊದಲಾದ ನೆಲೆಗಳು ಬ್ರಹ್ಮಪುತ್ರದ ಬಯಲಿನಲ್ಲಿ, ಸಮುದ್ರಮಟ್ಟಕ್ಕಿಂತ ಕೆಲವು ನೂರು ಅಡಿಗಳಷ್ಟೇ ಎತ್ತರದಲ್ಲಿದ್ದವು. ಅಲ್ಲಿಂದ ಮೇಲೆದ್ದ ವಿಮಾನ ತುಂಬಿದ ಭಾರದೊಡನೆ ಹೊರಟ ಸ್ವಲ್ಪ ಹೊತ್ತಿನಲ್ಲೇ ಹತ್ತು ಸಾವಿರ ಅಡಿಯ ಪಟ್ಕಾಯ್ ಸಾಲನ್ನು ದಾಟಬೇಕಾಗಿತ್ತು. ಆಮೇಲೆ ಚಿಂದ್ವಿನ್, ಐರಾವತಿಯ ಉಪನದಿಗಳು, ಸಾಲ್ವೀನ್, ಮೆಕಾಂಗ್ ಹೀಗೆ ಒಂದರ ಹಿಂದೊಂದು ಕಣಿವೆಗಳು. ಎರಡು ಕಣಿವೆಗಳ ನಡುವೆ ಒಂದೊಂದು ಬೆಟ್ಟದ ಗೋಡೆ. ಸಾಲ್ವೀನ್ ಮತ್ತು ಮೆಕಾಂಗ್ ನಡುವಿನ ಹದಿನೈದು ಸಾವಿರ ಅಡಿಯ ಸಾಲಿಗೇ ಮೊದಲು ‘ಹಂಪ್’ ಎಂಬ ಹೆಸರು ಬಂದದ್ದು. ಎಂಟುನೂರು ಕಿಲೋಮೀಟರಿಗೂ ಮೀರಿದ ಈ ದಾರಿಯ ಕೊನೆಯಲ್ಲಿರುವ ಕುನ್ಮಿಂಗ್ ಸಹ ಆರು ಸಾವಿರ ಅಡಿಗೂ ಎತ್ತರದ ಪ್ರಸ್ಥಭೂಮಿಯ ಮೇಲಿದೆ.

ಇನ್ನು ಹವಾಮಾನ. ಬಂಗಾಳಕೊಲ್ಲಿಯಿಂದ ಬರುವ ಬಿಸಿಯಾದ ತೇವದ ಗಾಳಿ, ಪಶ್ಚಿಮದಿಂದ ಹಿಮಾಲಯದ ಗುಂಟ ಬರುವ ವಾಯುಭಾರ ಕುಸಿತ, ಸೈಬೀರಿಯಾದ ಕಡೆಯಿಂದ ಇಳಿಯುವ ತಣ್ಣನೆಯ ಗಾಳಿ, ಈ ಮೂರೂ ಸಂಧಿಸುವ ಜಾಗ ಅದು. ಮಳೆಗಾಲದಲ್ಲಿ ಗುಡುಗಿನ ಮೋಡಗಳು, ಚಳಿಗಾಲದಲ್ಲಿ ಗಂಟೆಗೆ ನೂರು ಮೈಲಿಗೂ ಮೀರಿದ ಗಾಳಿ. ಮೇಲಿನ ಆಕಾಶದ ಆ ಪ್ರಬಲ ಗಾಳಿಯ ಹೊಳೆಯನ್ನು ಇಂದು ಜೆಟ್ ಸ್ಟ್ರೀಮ್ ಎನ್ನುತ್ತೇವೆ. ಅಂದಿನ ಪೈಲಟ್‌ಗಳಿಗೆ ಅದರ ಮುನ್ಸೂಚನೆ ಕೊಡುವವರು ಯಾರೂ ಇರಲಿಲ್ಲ. ದಕ್ಷಿಣದ ಕಡೆಯಿಂದ ಬೀಸುವ ಗಾಳಿ ಮೋಡದೊಳಗಿದ್ದ ವಿಮಾನವನ್ನು ತಿಳಿಯದಂತೆ ಉತ್ತರಕ್ಕೆ ತಳ್ಳುತ್ತಿತ್ತು, ಉತ್ತರದಲ್ಲಿ ನಿಂತಿದ್ದವು ಇಪ್ಪತ್ತು ಸಾವಿರ ಅಡಿಯ ಶಿಖರಗಳು. ಹಿಂತಿರುಗುವಾಗ ಅದೇ ಗಾಳಿ ಎದುರಿಗೆ ಬೀಸಿ ಇಂಧನವನ್ನು ಲೆಕ್ಕಕ್ಕಿಂತ ಬೇಗ ಮುಗಿಸುತ್ತಿತ್ತು. ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟಿ ವಿಮಾನ ತೂಕ ಹೆಚ್ಚಿಸಿಕೊಂಡು ಎತ್ತರ ಕಳೆದುಕೊಳ್ಳುವುದು, ಪರ್ವತದ ಮರೆಯ ಇಳಿಗಾಳಿಗೆ ಸಿಕ್ಕಿ ನಿಮಿಷವೊಂದಕ್ಕೆ ಸಾವಿರಾರು ಅಡಿ ಕುಸಿಯುವುದು, ಮಿಂಚಿನ ಗದ್ದಲದಲ್ಲಿ ರೇಡಿಯೋ ದಿಕ್ಸೂಚಿಯ ಮುಳ್ಳು ದಿಕ್ಕುಗೆಡುವುದು, ಇವೆಲ್ಲ ಅಲ್ಲಿ ನಿತ್ಯದ ಅನುಭವವಾಗಿದ್ದವು.

ಆದರೆ ಶತ್ರುವನ್ನು ಲೆಕ್ಕದಿಂದ ಪೂರ್ತಿಯಾಗಿ ಬಿಡಬೇಡಿ. ಉತ್ತರ ಬರ್ಮಾದ ಮ್ಯಿಚ್ಚೀನಾ ವಿಮಾನನೆಲೆ ಜಪಾನೀಯರ ಕೈಯಲ್ಲಿದ್ದುದರಿಂದ ಸರಕು ವಿಮಾನಗಳು ದಕ್ಷಿಣದ ತಗ್ಗಿನ ಹಾದಿಯನ್ನು ಬಿಟ್ಟು ಉತ್ತರದ ಎತ್ತರದ ಹಾದಿಯನ್ನೇ ಹಿಡಿಯಬೇಕಾಯಿತು. 1943ರ ಅಕ್ಟೋಬರಿನಲ್ಲಿ ಜಪಾನಿ ಫೈಟರ್‌ಗಳು ಹಲವು ಸರಕು ವಿಮಾನಗಳನ್ನು ನೇರವಾಗಿ ಹೊಡೆದುರುಳಿಸಿದವು. ತಿಳಿಯಾದ ಆಕಾಶದಲ್ಲಿ ಫೈಟರ್‌ಗಳ ಭಯವಿದ್ದುದರಿಂದ ಆಯುಧವಿಲ್ಲದ ಈ ವಿಮಾನಗಳು ಮೋಡದ ಮರೆಯನ್ನೂ ಕತ್ತಲನ್ನೂ ಆಶ್ರಯಿಸಿದವು. ಗುಂಡು ಹಾರಿಸದೆಯೇ ಒಬ್ಬ ಪೈಲಟನನ್ನು ಕೆಟ್ಟ ಹವೆಯೊಳಕ್ಕೆ ಅಟ್ಟಿದ ಶತ್ರುವನ್ನು ಆ ಸಾವಿನ ಲೆಕ್ಕದಲ್ಲಿ ಎಲ್ಲಿ ಬರೆಯಬೇಕೆಂಬುದು ಸುಲಭದ ಮಾತಲ್ಲ. ನನ್ನ ಮಟ್ಟಿಗೆ ಮುಖ್ಯ ಕಾರಣ ಬೆಟ್ಟ ಮತ್ತು ಮೋಡವೇ.

ಉತ್ತರ 2
ಬರೆದವರು: ಎಂಜಿನ್ ಶೆಡ್

ವಿಮಾನಗಳ ನಿರ್ವಹಣೆಯ ಕೆಲಸದಲ್ಲೇ ಮೂವತ್ತು ವರ್ಷ ಕಳೆದವನು ನಾನು. ಮೇಲಿನವರು ಬೆಟ್ಟ, ಮೋಡಗಳ ಬಗ್ಗೆ ಬರೆದುದೆಲ್ಲ ನಿಜ. ಆದರೆ ವಿಮಾನದ ಕಡೆಯಿಂದ ನೋಡಿದಾಗ ಚಿತ್ರ ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ಆರಂಭದಲ್ಲಿ ಈ ಹಾದಿಯ ಹೊರೆ ಹೊತ್ತದ್ದು ಡಕೋಟಾ, ಅಂದರೆ ಸಿ-47 ಮತ್ತು ಅದರ ಸೋದರ ಮಾದರಿಗಳು. ನಂಬಿಕೆಗೆ ಅರ್ಹವಾದ ವಿಮಾನ. ಆದರೆ ಹೊರುತ್ತಿದ್ದ ಭಾರ ಎರಡು, ಎರಡೂವರೆ ಟನ್ ಅಷ್ಟೆ, ತುಂಬಿದ ಭಾರದೊಡನೆ ಆ ಶಿಖರಗಳ ಮೇಲೆ ನಿಶ್ಚಿಂತೆಯಿಂದ ಹಾರುವ ಶಕ್ತಿ ಅದಕ್ಕಿರಲಿಲ್ಲ. ಅದರ ಜಾಗಕ್ಕೆಂದು 1943ರ ಬೇಸಿಗೆಯಲ್ಲಿ ಕರ್ಟಿಸ್ ಸಿ-46 ಕಮಾಂಡೋ ಬಂತು. ಎರಡೇ ಎಂಜಿನ್, ಆದರೆ ಒಂದೊಂದೂ ಎರಡು ಸಾವಿರ ಅಶ್ವಶಕ್ತಿಯದು. ರೆಕ್ಕೆಗಳ ಅಗಲ ನಾಲ್ಕು ಎಂಜಿನ್ನಿನ ಬಿ-17 ಬಾಂಬರಿಗಿಂತಲೂ ಹೆಚ್ಚು. ಡಕೋಟಾದ ಸುಮಾರು ಎರಡರಷ್ಟು ಹೊರೆಯನ್ನು ಹೊತ್ತು ಇನ್ನೂ ಎತ್ತರಕ್ಕೆ ಏರಬಲ್ಲ ವಿಮಾನವದು. ಹಂಪ್ ಹಾದಿಗೆ ಬೇಕಾದದ್ದು ಅಂಥದೇ ಎಂಬುದರಲ್ಲಿ ತಪ್ಪಿರಲಿಲ್ಲ. ತಪ್ಪಾದದ್ದು, ಪೂರ್ತಿಯಾಗಿ ಪರೀಕ್ಷೆಗೊಳಪಡದ ವಿಮಾನವನ್ನು ಲೋಕದ ಅತಿ ಕಠಿಣವಾದ ಹಾದಿಯಲ್ಲಿ ಸರಕು ತುಂಬಿ ಹಾರಿಸಿ, ಅದರ ದೋಷಗಳನ್ನು ಅಲ್ಲೇ ಕಂಡುಹಿಡಿದದ್ದು. ಬಂದ ಕೆಲವೇ ತಿಂಗಳುಗಳಲ್ಲಿ ಅದರಲ್ಲಿ ಮಾಡಬೇಕಾದ ಮಾರ್ಪಾಡುಗಳ ಪಟ್ಟಿ ನೂರಾರನ್ನು ದಾಟಿತ್ತು. ತೇವದ ಗಾಳಿಯಲ್ಲಿ ಕಾರ್ಬ್ಯುರೇಟರಿನೊಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ನಿಗೆ ಉಸಿರು ಸಿಗದಂತಾಗುತ್ತಿತ್ತು. ಸಮತಟ್ಟಾದ ಊರಿನ ಮೇಲೆ ಅದು ಒಂದು ತೊಂದರೆ ಮಾತ್ರ. ಎರಡು ಎಂಜಿನ್ನಿನ ಭಾರದ ವಿಮಾನಕ್ಕೆ ಹದಿನೈದು ಸಾವಿರ ಅಡಿಯ ಸಾಲಿನ ಮೇಲೆ ಒಂದು ಎಂಜಿನ್ ನಿಂತುಹೋಗುವುದೆಂದರೆ ಸರಕನ್ನು ಎಸೆಯಬೇಕು, ಇಲ್ಲವೇ ತಾವೇ ಹಾರಿಕೊಳ್ಳಬೇಕು ಎಂದರ್ಥ.

ಇದಕ್ಕಿಂತ ಭಯಂಕರವಾದದ್ದು ಬೆಂಕಿ. 1943ರ ಮೇ ತಿಂಗಳಿಂದ 1945ರ ಮಾರ್ಚ್‌ವರೆಗೆ ಸಿ-46 ವಿಮಾನಗಳು ಆಕಾಶದಲ್ಲೇ ಹೊತ್ತಿಕೊಂಡ ಅಥವಾ ಸಿಡಿದ 31 ಪ್ರಕರಣಗಳು ಈ ಸಾಗಣೆಯನ್ನು ನಡೆಸುತ್ತಿದ್ದ ಅಮೆರಿಕದ ಸೇನಾ ವಿಭಾಗವಾದ ಏರ್ ಟ್ರಾನ್ಸ್‌ಪೋರ್ಟ್ ಕಮಾಂಡಿಗೆ ವರದಿಯಾದವು. ರೆಕ್ಕೆಯೊಳಗಿನ ಇಂಧನದ ಟ್ಯಾಂಕಿನಿಂದಲೋ ಕೊಳವೆಯಿಂದಲೋ ಸಣ್ಣದಾಗಿ ಸೋರಿದ ಪೆಟ್ರೋಲ್ ಹೊರಗೆ ಹರಿದುಹೋಗಲು ದಾರಿಯಿಲ್ಲದೆ ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ನಿಂತು ಆವಿಯಾಗುತ್ತಿತ್ತು. ಎಲ್ಲಿಂದಲೋ ಒಂದು ವಿದ್ಯುತ್ ಕಿಡಿ ತಗುಲಿದರೆ ಮುಗಿಯಿತು. ರೆಕ್ಕೆಯಲ್ಲಿ ಗಾಳಿಕಿಂಡಿಗಳನ್ನು ತೆರೆದು, ಇಂಧನದ ಪಂಪಿಗೆ ಕವಚ ಹಾಕಿದ ಮೇಲೆ ಈ ಕಾಟ ತಗ್ಗಿತು. ಎಷ್ಟು ಸರಳವಾದ ಪರಿಹಾರ, ಅದು ಸಿಗುವುದಕ್ಕೆ ಮುಂಚೆ ಎಷ್ಟು ಜನ ಹೋದರು ಎಂದು ಯೋಚಿಸಿದಾಗಲೆಲ್ಲ ನನಗೆ ನೋವಾಗುತ್ತದೆ.

ಲಿಬರೇಟರ್ ಬಾಂಬರಿನಿಂದ ಮಾಡಿದ ಸಿ-87 ಸರಕು ವಿಮಾನಕ್ಕೆ ಮಂಜುಗಡ್ಡೆಯನ್ನು ತಾಳಿಕೊಳ್ಳುವ ಗುಣವೇ ಇರಲಿಲ್ಲ. ಅದೇ ವಿಮಾನದ ಹೊಟ್ಟೆಯಲ್ಲಿ ಟ್ಯಾಂಕುಗಳನ್ನಿಟ್ಟು ಪೆಟ್ರೋಲ್ ಸಾಗಿಸಲು ಮಾಡಿದ ಸಿ-109 ಇಳಿಯುವಾಗ ಸ್ವಲ್ಪ ಎಡವಿದರೂ ಉರಿಯುವ ಉಂಡೆಯಾಗುತ್ತಿತ್ತು, ಪೈಲಟ್‌ಗಳು ಅದರ ಹೆಸರನ್ನೇ ಸ್ಫೋಟದ ಸದ್ದಾಗಿ ಬದಲಿಸಿ ಕರೆಯುತ್ತಿದ್ದರು.

ನೆಲದ ಮೇಲೆ ಮೆಕ್ಯಾನಿಕ್‌ಗಳಿಗೆ ಸೂರಿರಲಿಲ್ಲ. ಹಗಲಿನ ಬಿಸಿಲಿಗೆ ಕಾದ ಲೋಹವನ್ನು ಮುಟ್ಟಲಾಗದೆ ಬಹಳಷ್ಟು ಕೆಲಸವನ್ನು ರಾತ್ರಿಯೇ, ದೀಪಕ್ಕೆ ಮುತ್ತುವ ಹುಳುಗಳ ನಡುವೆ ಮಾಡಬೇಕಿತ್ತು. ಬಿಡಿಭಾಗಗಳು ಅರ್ಧ ಭೂಮಿಯನ್ನು ಸುತ್ತಿ ಬರಬೇಕಾಗಿತ್ತು.

ನಿಮ್ಮ ತಾತನವರ ಕಾರ್ಖಾನೆಯ ಬೆಲೆ ತಿಳಿಯುವುದು ಇಲ್ಲಿಯೇ. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರಿನಲ್ಲಿ ಕಟ್ಟಿದ ಆ ಕಾರ್ಖಾನೆ ವಿಮಾನ ತಯಾರಿಸಲೆಂದು ಹುಟ್ಟಿದ್ದು. ಆದರೆ 84ನೆಯ ಏರ್ ಡಿಪೋ ಎಂಬ ಹೆಸರಿನಲ್ಲಿ ಅದು ಮಾಡಿದ ದೊಡ್ಡ ಕೆಲಸ ಓವರ್‌ಹಾಲ್. ವಿಮಾನವನ್ನು ಪೂರ್ತಿ ಬಿಚ್ಚಿ, ಸವೆದ ಭಾಗ ತೆಗೆದು, ಬಿರುಕು ಹುಡುಕಿ, ಮತ್ತೆ ಜೋಡಿಸಿ ಪರೀಕ್ಷೆ ಮಾಡಿ ಕಳಿಸುವ ವ್ಯವಸ್ಥೆ ಯುದ್ಧಭೂಮಿಯ ಹತ್ತಿರ ಎಲ್ಲೂ ಸಾಧ್ಯವಿರಲಿಲ್ಲ. ‘ದುಡಿದು ದಣಿದು ಬಂದವು’ ಎಂದು ನಿಮ್ಮ ತಾತ ಹೇಳಿದ್ದು ಅಪ್ಪಟ ಕೆಲಸಗಾರನ ಮಾತು. ಅವರ ಕೈ ದಾಟಿದ ಎಂಜಿನ್ ಕೈಕೊಟ್ಟಿರಬಹುದೇ ಎಂದು ಕೊರಗಬೇಡಿ. ದಣಿದ ಎಂಜಿನ್ ಅವರ ಬಳಿಗೆ ಬಾರದೆ ನೇರವಾಗಿ ಬೆಟ್ಟದ ಮೇಲೆ ಹೋದದ್ದೇ ಆ ಕಾಲದ ಅಪಾಯ.

ಮರುಪ್ರಶ್ನೆ
ಕೇಳಿದವರು: ಫಿಟ್ಟರ್ ಮೊಮ್ಮಗ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೊನೆಯ ಮಾತನ್ನು ನನ್ನ ತಾಯಿಗೂ ಓದಿ ಹೇಳಿದೆ.

ಆದರೂ ಒಂದು ವಿಷಯ ಕಾಡುತ್ತಿದೆ. ಬೆಟ್ಟಗಳು 1943ರಲ್ಲಿ ಎಷ್ಟು ಎತ್ತರವಿದ್ದವೋ 1945ರಲ್ಲೂ ಅಷ್ಟೇ ಇದ್ದವು. ಮುಂಗಾರೂ ಅದೇ, ಚಳಿಗಾಲದ ಗಾಳಿಯೂ ಅದೇ. ಯುದ್ಧದ ಕೊನೆಯ ಹೊತ್ತಿಗೆ ಅಪಘಾತಗಳು ಕಡಿಮೆಯಾದವೇ? ಕಡಿಮೆಯಾಗಿದ್ದರೆ ಏನು ಬದಲಾದದ್ದರಿಂದ?

ಉತ್ತರ 3
ಬರೆದವರು: ಕಡತದ ಓದುಗ

ಬಹಳ ಸರಿಯಾದ ಪ್ರಶ್ನೆ. ಕಡಿಮೆಯಾದವು, ಅದೂ ಬೆರಗಾಗುವಷ್ಟು.

1944ರ ಜನವರಿಯಲ್ಲಿ ಹಾರಾಟದ ಪ್ರತಿ ಸಾವಿರ ಗಂಟೆಗೆ ಸುಮಾರು ಎರಡು ದೊಡ್ಡ ಅಪಘಾತಗಳು ಆಗುತ್ತಿದ್ದವು. 1945ರ ಜನವರಿಯ ಹೊತ್ತಿಗೆ ಅದು ಸಾವಿರ ಗಂಟೆಗೆ ಸುಮಾರು 0.3ಕ್ಕೆ ಇಳಿಯಿತು, ಅಂದರೆ ಆರನೆಯ ಒಂದು ಭಾಗಕ್ಕಿಂತ ಸ್ವಲ್ಪ ಕೆಳಗೆ. ಅದೇ ಅವಧಿಯಲ್ಲಿ ಸಾಗಿಸಿದ ಸರಕು ಕಡಿಮೆಯಾಗಿದ್ದರೆ ಇದರಲ್ಲಿ ಹೆಚ್ಚಿನದೇನೂ ಇರುತ್ತಿರಲಿಲ್ಲ. ಆದರೆ 1943ರ ಡಿಸೆಂಬರಿನಲ್ಲಿ ತಿಂಗಳಿಗೆ ಹನ್ನೆರಡೂವರೆ ಸಾವಿರ ಟನ್ ಇದ್ದದ್ದು 1945ರ ಜುಲೈನಲ್ಲಿ 71 ಸಾವಿರ ಟನ್ ದಾಟಿತು. 1945ರ ಆಗಸ್ಟ್ 1ರಂದು ಒಂದೇ ದಿನದಲ್ಲಿ 1,118 ಬಾರಿ ಹೋಗಿ ಬಂದು 5,327 ಟನ್ ಸಾಗಿಸಿದರು. ಆ ದಿನ ಒಂದು ಅಪಘಾತವೂ ಆಗಲಿಲ್ಲ.

ಏನು ಬದಲಾಯಿತೆಂಬುದನ್ನು ಅರಿಯಲು ಹಿಂದಕ್ಕೆ ಹೋಗಬೇಕು. 1943ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಮಿತ್ರರಾಷ್ಟ್ರಗಳ ನಾಯಕರು ಕೂತು ಜುಲೈಗೆ ಏಳು ಸಾವಿರ ಟನ್, ಸೆಪ್ಟೆಂಬರಿಗೆ ಹತ್ತು ಸಾವಿರ ಟನ್ ಎಂದು ಗುರಿಯನ್ನು ಗೊತ್ತುಮಾಡಿದರು. ಆ ಗುರಿಗೆ ತಕ್ಕಷ್ಟು ರನ್‌ವೇಗಳು ಅಸ್ಸಾಮಿನಲ್ಲಿ ಇನ್ನೂ ಸಿದ್ಧವಾಗಿರಲಿಲ್ಲ, ತಕ್ಕಷ್ಟು ಮೆಕ್ಯಾನಿಕ್‌ಗಳಿರಲಿಲ್ಲ. ಬಂದ ಪೈಲಟ್‌ಗಳಲ್ಲಿ ಹಲವರು ಎರಡು ಎಂಜಿನ್ನಿನ ವಿಮಾನವನ್ನೇ ಹೆಚ್ಚು ಹಾರಿಸಿದವರಲ್ಲ, ಉಪಕರಣಗಳನ್ನಷ್ಟೇ ನೋಡಿಕೊಂಡು ಮೋಡದೊಳಗೆ ಹಾರುವ ಅಭ್ಯಾಸವಂತೂ ಇನ್ನೂ ಕಡಿಮೆ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ರಾತ್ರಿಯ ಹಾರಾಟವೂ ಸೇರಿಕೊಂಡಿತು. ‘ಹಂಪ್ ಮೇಲೆ ಹವಾಮಾನ ಎಂಬುದೇ ಇಲ್ಲ’ ಎಂಬುದು ಅಂದಿನ ಆಡಳಿತದ ಧೋರಣೆಯೆಂದು ಪೈಲಟ್‌ಗಳ ನಡುವೆ ಪ್ರಸಿದ್ಧವಾಗಿತ್ತು. ಕೆಟ್ಟ ಹವೆಯ ಕಾರಣಕ್ಕೆ ಹಾರಾಟ ನಿಲ್ಲಿಸುವ ಹಾಗಿಲ್ಲ ಎಂಬುದು ಅದರ ತಾತ್ಪರ್ಯ. ಹತ್ತು ಸಾವಿರ ಟನ್ನಿನ ಗುರಿ ಡಿಸೆಂಬರಿನಲ್ಲಿ ಈಡೇರಿತು. ಅದಕ್ಕೆ ತೆತ್ತ ಬೆಲೆಯನ್ನು ಆಮೇಲೆ ಹೀಗೆ ಲೆಕ್ಕ ಹಾಕಿದ್ದಾರೆ: ಚೀನಾ ತಲುಪಿದ ಪ್ರತಿ ಸಾವಿರ ಟನ್ನಿಗೆ ಮೂವರು ಅಮೆರಿಕನ್ನರ ಜೀವ.

ಇನ್ನೊಂದು ನಿಯಮವನ್ನಂತೂ ಹೇಳಲೇಬೇಕು. 650 ಗಂಟೆ ಹಾರಿದ ಪೈಲಟ್ ಊರಿಗೆ ಮರಳಬಹುದೆಂಬ ಕಟ್ಟಳೆ ಆಗ ಜಾರಿಯಲ್ಲಿತ್ತು. ಮೇಲುನೋಟಕ್ಕೆ ದಯೆಯ ನಿಯಮ. ಆದರೆ ಮನೆಗೆ ಹೋಗುವ ಆತುರದಲ್ಲಿ ಹುಡುಗರು ದಿನವೂ, ಕೆಲವೊಮ್ಮೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಹಾರಿ ನಾಲ್ಕು ತಿಂಗಳಲ್ಲೇ ಆ ಗಂಟೆಗಳನ್ನು ಮುಗಿಸಲು ಹೊರಟರು. ಅರೆನಿದ್ದೆಯ ಕಣ್ಣಿನಲ್ಲಿ ಹದಿನೈದು ಸಾವಿರ ಅಡಿಯ ಸಾಲನ್ನು ದಾಟುತ್ತಿದ್ದರು. 1944ರ ಸೆಪ್ಟೆಂಬರಿನಲ್ಲಿ ಹಂಪ್ ಸಾಗಣೆಯ ಅಧಿಕಾರ ವಹಿಸಿಕೊಂಡ ವಿಲಿಯಂ ಟನ್ನರ್ ಮೊದಲು ಕೈಹಾಕಿದ ವಿಷಯಗಳಲ್ಲಿ ಇದೂ ಒಂದು. ಗಂಟೆಗಳ ಮಿತಿಯನ್ನು 750ಕ್ಕೆ ಏರಿಸಿದ್ದಲ್ಲದೆ, ಎಷ್ಟೇ ಹಾರಿದರೂ ಒಂದು ವರ್ಷ ಅಲ್ಲಿ ಇರಲೇಬೇಕೆಂದು ವಿಧಿಸಿದರು. ಬೇಗ ಮುಗಿಸುವುದರಿಂದ ಲಾಭವೇ ಇಲ್ಲವೆಂದಾದಾಗ ಆತುರ ನಿಂತಿತು. ಇದಕ್ಕಾಗಿ ಪೈಲಟ್‌ಗಳು ಅವರನ್ನು ಶಪಿಸಿದರು. ಆದರೂ ಆ ಶಾಪ ಹಾಕಿದವರಲ್ಲಿ ಎಷ್ಟೋ ಜನ ಬದುಕಿ ಉಳಿದದ್ದು ಆ ನಿಯಮದಿಂದಲೇ ಎಂದು ನಾನು ದೃಢವಾಗಿ ನಂಬುತ್ತೇನೆ.

ವಿಮಾನಗಳನ್ನು ಒಂದೊಂದು ತಂಡವೇ ಪೂರ್ತಿ ನೋಡಿಕೊಳ್ಳುವ ಪದ್ಧತಿಯ ಬದಲು, ಕಾರ್ಖಾನೆಯಲ್ಲಿ ನಡೆಯುವಂತೆ ಒಂದು ಸರದಿಯ ಸಾಲಿನಲ್ಲಿ ಎಳೆದುಕೊಂಡು ಹೋಗಿ, ಪ್ರತಿ ನಿಲ್ದಾಣದಲ್ಲೂ ಒಂದೊಂದೇ ಕೆಲಸದಲ್ಲಿ ಪಳಗಿದವರು ಪರೀಕ್ಷಿಸುವ ವ್ಯವಸ್ಥೆಯನ್ನು ಅವರು ತಂದರು. ಪ್ರತಿಯೊಂದು ಅಪಘಾತವನ್ನೂ ತನಿಖೆ ಮಾಡಿ, ಒಂದೇ ಬಗೆಯ ತಪ್ಪು ಎಲ್ಲಿ ಮರುಕಳಿಸುತ್ತಿದೆಯೆಂದು ಹುಡುಕುವ ವಿಭಾಗ ಹುಟ್ಟಿತು. ಹೊರಡುವ ಮುನ್ನ ಹವಾಮಾನದ ವಿವರಣೆ, ಬಂದ ಮೇಲೆ ಕಂಡದ್ದನ್ನು ಹೇಳಿಸಿಕೊಳ್ಳುವುದು, ಇವೆರಡೂ ಕಡ್ಡಾಯವಾದವು. ಹಳೆಯ ಅಪಘಾತದ ಪ್ರಮಾಣವೇ ಮುಂದುವರಿದಿದ್ದರೆ 1945ರ ಜುಲೈ ಒಂದೇ ತಿಂಗಳಲ್ಲಿ 292 ವಿಮಾನಗಳು ಹೋಗುತ್ತಿದ್ದವೆಂದು ಟನ್ನರ್ ಮುಂದೆ ಲೆಕ್ಕ ತೋರಿಸಿದರು. ನಿಜವಾಗಿ ಹೋದದ್ದು ಇಪ್ಪತ್ತರ ಆಸುಪಾಸು.

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರವೂ ಇದರಲ್ಲೇ ಇದೆ. ಕನ್ನಡದಲ್ಲಿ ‘ಅಪಘಾತ’ ಎಂದೂ ‘ಆಕಸ್ಮಿಕ’ ಎಂದೂ ಬೇರೆ ಬೇರೆ ಪದಗಳಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ನಡೆದವು ಅಪಘಾತಗಳು ಹೌದು. ಆದರೆ ಗುರಿ, ನಿಯಮ, ತರಬೇತಿ, ರಿಪೇರಿ ಇವುಗಳನ್ನು ಸರಿಪಡಿಸಿದ ಕೂಡಲೇ ಆರಕ್ಕೆ ಒಂದರಷ್ಟಾಗಿ ಇಳಿದುಹೋದದ್ದನ್ನು ಆಕಸ್ಮಿಕವೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಉತ್ತರ 1ಕ್ಕೆ ಸೇರ್ಪಡೆ
ಬರೆದವರು: ಈಶಾನ್ಯದ ಮೋಡ

‘ಕಡತದ ಓದುಗ’ ಅವರ ಅಂಕಿಗಳನ್ನು ನಾನು ಒಪ್ಪುತ್ತೇನೆ, ನನ್ನ ಮೊದಲ ಉತ್ತರದಲ್ಲಿ ಮನುಷ್ಯರ ಪಾಲನ್ನು ಕಡಿಮೆ ಮಾಡಿ ಹೇಳಿದೆನೆಂಬುದನ್ನೂ ಒಪ್ಪುತ್ತೇನೆ. ಆದರೆ ಇಳಿಕೆಯ ಪೂರ್ತಿ ಶ್ರೇಯಸ್ಸನ್ನು ಒಬ್ಬ ಅಧಿಕಾರಿಯ ಹೆಸರಿಗೆ ಬರೆಯುವ ಮುಂಚೆ ಎರಡು ಸಂಗತಿಗಳನ್ನು ಪಕ್ಕದಲ್ಲಿಡಬೇಕು.

ಮ್ಯಿಚ್ಚೀನಾದ ವಿಮಾನನೆಲೆ 1944ರ ಮೇ 17ರಂದು, ಪಟ್ಟಣ ಆಗಸ್ಟ್ 3ರಂದು ಮಿತ್ರಪಡೆಗಳ ವಶವಾಯಿತು. ಅಲ್ಲಿಂದಾಚೆಗೆ ದಕ್ಷಿಣದ ತಗ್ಗಿನ ಹಾದಿ ತೆರೆಯಿತು, ಫೈಟರ್‌ಗಳ ಭಯವೂ ಬಹುಮಟ್ಟಿಗೆ ಹೋಯಿತು, ದಾರಿಯ ನಡುವೆ ತುರ್ತಾಗಿ ಇಳಿಯಲು ಒಂದು ನೆಲೆಯೂ ಸಿಕ್ಕಿತು. ಟನ್ನರ್ ಬಂದದ್ದು ಅದರ ಮರುತಿಂಗಳು. ಜೊತೆಗೆ, ಎತ್ತರದ ಹಾದಿಯಲ್ಲಿ ಹೋಗಲಾರದ ನಾಲ್ಕು ಎಂಜಿನ್ನಿನ ಸಿ-54 ವಿಮಾನಗಳನ್ನು ಈ ತಗ್ಗಿನ ಹಾದಿಯಲ್ಲಿ ಬಳಸುವುದು ಸಾಧ್ಯವಾಯಿತು. ಆ ನೆಲೆಗಾಗಿ ಕಾಡಿನಲ್ಲಿ ಹೋರಾಡಿದ ಕಾಲಾಳುಗಳೂ ಎಷ್ಟೋ ಪೈಲಟ್‌ಗಳನ್ನು ಉಳಿಸಿದರೆಂಬುದನ್ನು ಮರೆಯಬಾರದು.

ಇನ್ನೊಂದು, 1945ರ ಜನವರಿ 6 ಮತ್ತು 7ರ ನಡುವಿನ ರಾತ್ರಿ. ಎಲ್ಲ ಸುಧಾರಣೆಗಳೂ ಆಗಿದ್ದ ಕಾಲವದು. ಆ ಒಂದು ಬಿರುಗಾಳಿಯಲ್ಲಿ ಏರ್ ಟ್ರಾನ್ಸ್‌ಪೋರ್ಟ್ ಕಮಾಂಡ್ ಕನಿಷ್ಠ ಒಂಬತ್ತು ವಿಮಾನಗಳನ್ನು ಕಳೆದುಕೊಂಡಿತು. ಇತರ ಸಂಸ್ಥೆಗಳ ವಿಮಾನಗಳೂ ಹೋದವು. ಆ ತಿಂಗಳ 0.3 ಎಂಬ ಅಂಕಿಯೊಳಗೆ ಆ ರಾತ್ರಿಯೂ ಅಡಗಿದೆ. ನಿಯಮಗಳಿಂದ ತಪ್ಪಿಸಬಹುದಾದದ್ದು ಬಹಳವಿತ್ತು, ನಿಜ. ತಪ್ಪಿಸಲಾಗದೆ ಉಳಿದದ್ದು ಅಂಥ ರಾತ್ರಿಗಳು.

ಉತ್ತರ 4
ಬರೆದವರು: ಸಿಯಾಂಗ್ ದಂಡೆ

ಕೆಲಸದ ನಿಮಿತ್ತ ಅರುಣಾಚಲ ಪ್ರದೇಶದಲ್ಲಿ ನೆಲೆಸಿರುವ ಕನ್ನಡಿಗ ನಾನು. ಇಲ್ಲಿಯವರೆಗೆ ಬಿದ್ದ ವಿಮಾನಗಳ ಮಾತಾಯಿತು. ಬಿದ್ದ ಮೇಲೆ ಏನಾಯಿತೆಂಬುದನ್ನು ನಾನು ಸೇರಿಸಬಯಸುತ್ತೇನೆ.

ವಿಮಾನ ಬಿದ್ದರೆ ಎಲ್ಲರೂ ಸತ್ತರೆಂದು ನಾವು ಊಹಿಸುತ್ತೇವೆ. ಹಂಪ್ ಹಾದಿಯ ಲೆಕ್ಕ ಹಾಗಿಲ್ಲ. ಕಾರಣ ಗೊತ್ತಾದ ಅಪಘಾತಗಳಲ್ಲಿ ತೀರಿಕೊಂಡವರು 1,314 ಮಂದಿ. ಯಾವ ಸುಳಿವೂ ಸಿಗದ 81 ವಿಮಾನಗಳೊಡನೆ ಕಾಣೆಯಾದವರು 345 ಮಂದಿ. ಆದರೆ ಸುಮಾರು 1,200 ಮಂದಿ ಪ್ಯಾರಾಶೂಟಿನಿಂದ ಹಾರಿಯೋ ಬೆಟ್ಟದಲ್ಲಿ ಬಿದ್ದೆದ್ದೋ ಜೀವಂತವಾಗಿ ಮರಳಿದರು. ಆರಂಭದ ದಿನಗಳಲ್ಲಿ ಅವರನ್ನು ಹುಡುಕಲು ಸರಿಯಾದ ತಂಡವೇ ಇರಲಿಲ್ಲ. 1943ರ ಕೊನೆಯಲ್ಲಿ ಚಬುವಾದಲ್ಲಿ ಜಾನ್ ಪೋರ್ಟರ್ ಎಂಬ ಕ್ಯಾಪ್ಟನ್ ಕೆಲವೇ ವಿಮಾನಗಳನ್ನು ಒಟ್ಟುಹಾಕಿ ಮೊದಲ ಶೋಧ ಮತ್ತು ರಕ್ಷಣಾ ತಂಡವನ್ನು ಕಟ್ಟಿದರು. ಅದೇ ಡಿಸೆಂಬರಿನಲ್ಲಿ ಅಂಥದೊಂದು ಹಾರಾಟದಲ್ಲಿ ಅವರೂ ಮಡಿದರು.

1943ರ ಆಗಸ್ಟ್ 2ರ ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳುವೆ. ಚಬುವಾದಿಂದ ಕುನ್ಮಿಂಗ್‌ಗೆ ಹೊರಟ ಸಿ-46 ಒಂದರ ಎಡ ಎಂಜಿನ್ ಕೈಕೊಟ್ಟಿತು. ಒಳಗೆ 21 ಜನ. ಅವರಲ್ಲಿ ರೇಡಿಯೋ ವರದಿಗಾರ ಎರಿಕ್ ಸೆವರೈಡ್, ರಾಜತಾಂತ್ರಿಕ ಜಾನ್ ಡೇವಿಸ್, ಚೀನಾದ ಸೇನಾಧಿಕಾರಿಗಳು ಇದ್ದರು. ಸಾಮಾನುಗಳನ್ನು ಹೊರಗೆಸೆದರೂ ವಿಮಾನ ನಿಲ್ಲದೆ ಇಳಿಯಿತು. ಪ್ಯಾರಾಶೂಟನ್ನು ಎಂದೂ ಬಳಸದವರೆಲ್ಲ ನಾಗಾ ಬೆಟ್ಟಗಳ ಮೇಲೆ ಹಾರಿದರು. ಸಹ-ಪೈಲಟ್ ಒಬ್ಬರನ್ನು ಬಿಟ್ಟು ಇಪ್ಪತ್ತು ಮಂದಿ ಬದುಕಿದರು. ರುಂಡ ಬೇಟೆಗೆ ಹೆಸರಾಗಿದ್ದ ಆ ಸೀಮೆಯ ನಾಗಾ ಹಳ್ಳಿಗರು ಅವರಿಗೆ ಊಟ ಕೊಟ್ಟರು, ಇರಲು ಜಾಗ ಕೊಟ್ಟರು. ಗಾಯಗೊಂಡವರಿದ್ದಾರೆಂದು ತಿಳಿದು ಸೇನಾ ವೈದ್ಯ ಡಾನ್ ಫ್ಲಿಕಿಂಜರ್ ಇಬ್ಬರು ಸಹಾಯಕರೊಡನೆ ಅಂದೇ ಪ್ಯಾರಾಶೂಟಿನಿಂದ ಅಲ್ಲಿಗೆ ಹಾರಿದರು. ಕರೆದೊಯ್ಯಲು ಮೊಕೊಕ್‌ಚುಂಗ್‌ನ ಬ್ರಿಟಿಷ್ ಅಧಿಕಾರಿ ಫಿಲಿಪ್ ಆಡಮ್ಸ್ ನಾಗಾ ಜನರೊಡನೆ ಕಾಲ್ನಡಿಗೆಯಲ್ಲಿ ಬಂದರು. ಬೆಟ್ಟಗಳನ್ನು ಹತ್ತಿ ಇಳಿದು ಎಲ್ಲರೂ ಸುರಕ್ಷಿತವಾಗಿ ಹೊರಬಂದದ್ದು ಆ ತಿಂಗಳ ಕೊನೆಯ ವೇಳೆಗೆ.

ಅದಕ್ಕೂ ಮುಂಚೆ, ಅದೇ ಏಪ್ರಿಲಿನಲ್ಲಿ, ಚೀನಾದ ರಾಷ್ಟ್ರೀಯ ವಿಮಾನಸಂಸ್ಥೆಯ ವಿಮಾನವೊಂದು ಮಂಜುಗಡ್ಡೆ ಕಟ್ಟಿ ಹಿಮದ ಶಿಖರಕ್ಕೆ ಬಡಿಯಿತು. ಚೀನೀ ರೇಡಿಯೋ ಆಪರೇಟರ್ ಅಲ್ಲೇ ತೀರಿಕೊಂಡರು. ಜೋ ರಾಸ್‌ಬರ್ಟ್ ಮತ್ತು ಚಾರ್ಲ್ಸ್ ಹ್ಯಾಮೆಲ್ ಎಂಬ ಪೈಲಟ್‌ಗಳು ಮುರಿದ ಕಾಲಿನಲ್ಲಿ ತೆವಳುತ್ತಾ ಇಳಿದು ಮಿಶ್ಮಿ ಜನರ ಕೈಗೆ ಸಿಕ್ಕಿ, ಆರು ವಾರಗಳಿಗೂ ಹೆಚ್ಚು ಕಾಲದ ನಂತರ ಅಸ್ಸಾಂ ತಲುಪಿದರು. ಈ ಸಂಸ್ಥೆ 41 ವಿಮಾನಗಳನ್ನು ಕಳೆದುಕೊಂಡಿತು. ಅದರ ಚೀನೀ ಸಿಬ್ಬಂದಿಯ ಹೆಸರುಗಳು ಅಮೆರಿಕದ ನೆನಪಿನಲ್ಲೂ ನಮ್ಮ ನೆನಪಿನಲ್ಲೂ ಸರಿಯಾಗಿ ಉಳಿಯಲಿಲ್ಲವೆಂಬುದು ನನ್ನ ಬೇಸರ.

ತಿಳಿಯಾದ ದಿನ ಬಿದ್ದ ವಿಮಾನಗಳ ಹೊಳಪನ್ನೇ ಗುರುತಾಗಿ ಹಿಡಿದು ಹಾರಬಹುದೆಂದು ಪೈಲಟ್‌ಗಳು ಆ ಮಾರ್ಗವನ್ನು ‘ಅಲ್ಯೂಮಿನಿಯಂ ಹಾದಿ’ ಎನ್ನುತ್ತಿದ್ದರು. ಅವುಗಳಲ್ಲಿ ಹಲವು ಇಲ್ಲಿನ ಕಾಡುಗಳಲ್ಲಿ ಇನ್ನೂ ಇವೆ. ಅಮೆರಿಕದ ಅರಿಜೋನಾದ ಕ್ಲೇಟನ್ ಕೂಲ್ಸ್ ಎಂಬವರು ಸ್ಥಳೀಯ ಬೇಟೆಗಾರರ ನೆರವಿನಿಂದ ಅನೇಕ ಅವಶೇಷಗಳನ್ನು ಗುರುತಿಸಿದ್ದಾರೆ. 2006ರಲ್ಲಿ ಡಮ್ರೋ ಊರಿನ ಹತ್ತಿರ ಅವರು ಗುರುತಿಸಿದ್ದು, ಸರಕು ತರಲೆಂದು ಕುನ್ಮಿಂಗ್‌ನಿಂದ ಚಬುವಾಕ್ಕೆ ಬರುತ್ತಾ 1944ರ ಜನವರಿ 25ರಂದು ಎಂಟು ಮಂದಿಯೊಡನೆ ಕಾಣೆಯಾಗಿದ್ದ ಲಿಬರೇಟರ್ ವಿಮಾನವನ್ನು. ಅದು ಬಾಂಬರ್ ಆಗಿದ್ದರೂ ಅಂದು ಮಾಡುತ್ತಿದ್ದ ಕೆಲಸ ಸಾಗಣೆಯದೇ. ಅರುಣಾಚಲದಲ್ಲಿ ದೊರೆತ ಅಸ್ಥಿಗಳನ್ನು 2016ರ ಏಪ್ರಿಲಿನಲ್ಲಿ ದೆಹಲಿಯಿಂದ ಸೈನಿಕ ಗೌರವದೊಡನೆ ಕಳಿಸಿಕೊಟ್ಟರು.

ಪಾಸಿಘಾಟ್‌ನಲ್ಲಿ 2023ರ ನವೆಂಬರ್ 29ರಂದು ಹಂಪ್ ಹಾದಿಯ ವಸ್ತುಸಂಗ್ರಹಾಲಯವೊಂದು ಆರಂಭವಾಗಿದೆ. ಬಿದ್ದ ವಿಮಾನಗಳ ಭಾಗಗಳನ್ನು ಅಲ್ಲಿ ನೋಡಬಹುದು. ತಾವು ಬರುವುದಾದರೆ ಮಳೆಗಾಲ ಮುಗಿದ ಮೇಲೆ ಬನ್ನಿ. ಬೆಟ್ಟದ ಮೇಲಿನ ಅವಶೇಷಗಳಿರುವ ಜಾಗಕ್ಕೆ ಹೋಗುವ ಆಸೆಯಿದ್ದರೆ ಊರಿನ ಹಿರಿಯರನ್ನು ಕೇಳದೆ ಹೋಗಬೇಡಿ, ಯಾವ ತುಂಡನ್ನೂ ಎತ್ತಿಕೊಳ್ಳಬೇಡಿ. ಎಷ್ಟೋ ಕಡೆ ಮನುಷ್ಯರ ಮೂಳೆಗಳು ಅದೇ ಮಣ್ಣಿನಲ್ಲಿವೆ.

ಕೇಳಿದವರ ಮಾತು
ಫಿಟ್ಟರ್ ಮೊಮ್ಮಗ

ನಾಲ್ವರಿಗೂ ನಾನು ಋಣಿ. ಸಾವಿನ ಲೆಕ್ಕವನ್ನೇ ಕೇಳಲು ಬಂದವನಿಗೆ ಬದುಕಿ ಬಂದ 1,200 ಜನರ ವಿಷಯ ಗೊತ್ತೇ ಇರಲಿಲ್ಲ. ‘ಕಡತದ ಓದುಗ’ ಅವರು ಹೇಳಿದ ಸರದಿಯ ಸಾಲಿನ ರಿಪೇರಿಯನ್ನು ಓದಿದಾಗ ತಾತ ಹೇಳುತ್ತಿದ್ದ ಇನ್ನೊಂದು ಸಂಗತಿ ನೆನಪಾಯಿತು. ಕಳಚಿದ ಪ್ರತಿ ನಟ್ಟು, ಬೋಲ್ಟನ್ನೂ ಎಣಿಸಿ ತಟ್ಟೆಯಲ್ಲಿಟ್ಟು, ಸಂಜೆ ಲೆಕ್ಕ ತಾಳೆಯಾಗದೆ ಹೋದರೆ ಅದು ಸಿಗುವವರೆಗೂ ಅವರ ಸಾಲಿನವರು ಯಾರೂ ಮನೆಗೆ ಹೊರಡುತ್ತಿರಲಿಲ್ಲವಂತೆ. ಆಗ ಅದನ್ನು ಅವರ ಸ್ವಭಾವದ ಬಿಗುವೆಂದು ತಿಳಿದಿದ್ದೆ.

ನವೆಂಬರಿನಲ್ಲಿ ತಾಯಿಯನ್ನು ಕರೆದುಕೊಂಡು ಪಾಸಿಘಾಟ್‌ಗೆ ಬರಬೇಕೆಂದು ನಿಶ್ಚಯಿಸಿದ್ದೇವೆ. ‘ಸಿಯಾಂಗ್ ದಂಡೆ’ ಅವರೇ, ಎಪ್ಪತ್ತು ದಾಟಿದವರಿಗೆ ದಿಬ್ರುಗಢದಿಂದ ಅಲ್ಲಿಗೆ ರಸ್ತೆಯ ಪ್ರಯಾಣ ಕಷ್ಟವಾಗುವುದೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ.